ಮಂದ್ರದ ಪೆಟ್ಟಿಗೆ

1974ರ ನವೆಂಬರಿನಲ್ಲಿ ಅಮೆರಿಕದಲ್ಲಿ ‘ಅರ್ಥ್‌ಕ್ವೇಕ್’ ಎಂಬ ಸಿನಿಮಾ ತೆರೆಗೆ ಬಂತು. ಲಾಸ್ ಏಂಜಲೀಸ್ ನಗರ ಭೂಕಂಪಕ್ಕೆ ಸಿಕ್ಕಿ ಕುಸಿಯುವ ಕಥೆ. ಆ ಊರಿನವರಿಗೆ ಅದು ಬರೀ ಕಥೆಯಲ್ಲ. 1971ರ ಫೆಬ್ರವರಿಯಲ್ಲಿ ಸ್ಯಾನ್ ಫರ್ನಾಂಡೊ ಕಣಿವೆ ನಡುಗಿದ್ದನ್ನು ಅವರು ಕಂಡಿದ್ದರು. ಕಣ್ಣಿಗೆ ಕಾಣಿಸಿದರೆ ಸಾಲದು, ಭೂಕಂಪ ಮೈಗೂ ತಟ್ಟಬೇಕು ಎಂದು ಯೂನಿವರ್ಸಲ್ ಸ್ಟುಡಿಯೋದವರು ‘ಸೆನ್ಸರೌಂಡ್’ ಎಂಬ ವ್ಯವಸ್ಥೆ ಮಾಡಿದರು. ಸೆರ್ವಿನ್-ವೇಗಾ ಕಂಪನಿಯ ಭಾರಿ ಸ್ಪೀಕರ್ ಪೆಟ್ಟಿಗೆಗಳು ಚಿತ್ರಮಂದಿರಗಳಿಗೆ ಬಂದು ಕೂತವು. ಕಿವಿಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ತಗ್ಗಿನ ಶಬ್ದ ಎದೆಗೂಡಿಗೆ ನೇರವಾಗಿ ಗುದ್ದತೊಡಗಿತು. ಗ್ರಾಮನ್ಸ್ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಉದುರಿ ಪ್ರೇಕ್ಷಕರ ತಲೆಯ ಮೇಲೆ ಬೀಳದಿರಲೆಂದು ಬಲೆ ಕಟ್ಟಿದರು. ಒಂದೇ ಕಟ್ಟಡದಲ್ಲಿ ಎರಡು ಮೂರು ಪರದೆಗಳಿದ್ದ ಕಡೆ, ಪಕ್ಕದ ಹಾಲಿನಲ್ಲಿ ‘ಗಾಡ್‌ಫಾದರ್’ ಎರಡನೇ ಭಾಗ ನೋಡುತ್ತ ಕೂತವರಿಗೂ ಈ ಭೂಕಂಪದ ಪಾಲು ಸಿಕ್ಕಿತು. ಈ ವ್ಯವಸ್ಥೆಗೆ ಆಸ್ಕರ್ ಸಮಿತಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಇವತ್ತು ನಮ್ಮ ಟಿ.ವಿ. ಪಕ್ಕದಲ್ಲಿ ಸುಮ್ಮನೆ ಕೂತಿರುವ ಸಬ್‌ವೂಫರ್ ಆ ಪೆಟ್ಟಿಗೆಗಳ ವಂಶದ್ದೇ. ಮನೆಯ ಹೋಮ್ ಥಿಯೇಟರಿಗೆ ಅಂಥದ್ದೊಂದನ್ನು ಆರಿಸಲು ನಾನು ಹೊರಟಾಗ ಪ್ರಶ್ನೆಗಳು ಸಾಲುಗಟ್ಟಿ ನಿಂತವು. ಎಷ್ಟು ವ್ಯಾಟ್? ಎಷ್ಟು ಇಂಚು? ಪೂರ್ತಿ ಮುಚ್ಚಿದ ಪೆಟ್ಟಿಗೆಯೋ, ತೂತಿರುವುದೋ? ಒಂದು ಸಾಕೋ, ಎರಡು ಬೇಕೋ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಚರಿತ್ರೆ ಇದೆ. ಅದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ. ಉಳಿದರ್ಧ, ಅಂಗಡಿಯಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಗೆ ಸೇರಿದ್ದು.

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 20 ಕಂಪನಗಳಿಂದ ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಬಿಳಿ ಒಂದರ ಶ್ರುತಿಗೆ ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ನಮ್ಮ ಕಛೇರಿ ಸಂಗೀತಕ್ಕೆ ಅದಕ್ಕಿಂತ ಕೆಳಗಿಳಿಯುವ ಅಗತ್ಯ ಹೆಚ್ಚಿಲ್ಲ. ಅದರ ಕೆಳಗಿನ ಲೋಕ ಗುಡುಗಿನದು, ಸಿಡಿಮದ್ದಿನದು, ಭೂಕಂಪದ್ದು. ಆ ಲೋಕವನ್ನು ಮನೆಯೊಳಗೆ ಕರೆತಂದದ್ದು ಮುಖ್ಯವಾಗಿ ಸಿನಿಮಾ.

ತಗ್ಗಿನ ದನಿ ಬೇಕೆಂದರೆ ಭಾರ ಬೇಕು. ಮೃದಂಗದ ವಿದ್ವಾಂಸರು ಕಛೇರಿಗೆ ಮುಂಚೆ ಎಡಗಡೆಯ ತೊಪ್ಪಿಗೆ ರವೆ ಕಲಸಿ ಮೆತ್ತುವುದು ಇದೇ ಕಾರಣಕ್ಕೆ. ಸ್ಪೀಕರಿನ ಕಾಗದದ ಶಂಕುವಿಗೂ ಇದೇ ನಿಯಮ. ಭಾರದ ಜೊತೆಗೆ ಅದು ದೂರ ದೂರ ಹೋಗಿ ಬರಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಜೋರು ಕೇಳಿಸಲು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. 1950ರ ಸುಮಾರಿಗೆ ಒಳ್ಳೆಯ ಮಂದ್ರ ಬೇಕೆಂದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಇದನ್ನು ಬದಲಿಸಿದ. ಶಂಕುವನ್ನು ಹಿಂದಕ್ಕೆಳೆಯುವ ಬಿಗಿ ಜೋಡಣೆಯೇ ದನಿಯನ್ನು ಕೆಡಿಸುತ್ತಿದೆ ಎಂದು ಕಂಡುಕೊಂಡು ಅದನ್ನು ಸಡಿಲಗೊಳಿಸಿದ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ. ತನ್ನ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿ ‘ಎಆರ್-1’ ಎಂಬ ಸ್ಪೀಕರನ್ನು ಮಾರುಕಟ್ಟೆಗೆ ತಂದ. ಬೀರು ಮಾಡುತ್ತಿದ್ದ ಕೆಲಸವನ್ನು ಕಪಾಟಿನ ಮೇಲಿಡಬಹುದಾದ ಪೆಟ್ಟಿಗೆ ಮಾಡತೊಡಗಿತು.

ಆದರೆ ಪ್ರಕೃತಿ ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ. ಕ್ಲಾಸ್ ಮುಂದೆ ಕೆಎಲ್ಎಚ್ ಕಂಪನಿ ಕಟ್ಟಿದಾಗ ಜೊತೆಗಿದ್ದ ಜೋಸೆಫ್ ಆಂಟನ್ ಹಾಫ್‌ಮನ್ 1960ರ ದಶಕದಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ಹೇಳಿದ. ಆಳದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಬ್ದ: ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ವಿದ್ಯುತ್ ಹೆಚ್ಚಿಸದೆ 40 ಹರ್ಟ್ಸ್‌ನಿಂದ 20ಕ್ಕೆ ಇಳಿಯಬೇಕೆಂದರೆ ಪೆಟ್ಟಿಗೆ ಎಂಟು ಪಟ್ಟು ದೊಡ್ಡದಾಗಬೇಕು. ಇದಕ್ಕೆ ಹಾಫ್‌ಮನ್‌ನ ಉಕ್ಕಿನ ನಿಯಮ ಎಂದೇ ಹೆಸರು.

‘ಪವರ್ಡ್ ಸಬ್‌ವೂಫರ್’ ಎಂಬ ಹೆಸರಿನ ಗುಟ್ಟು ಇಲ್ಲಿದೆ. ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲೆ ತಯಾರಕರು ಮೂರನೆಯದನ್ನು ಬಿಟ್ಟುಕೊಟ್ಟರು. ಪೆಟ್ಟಿಗೆ ಚಿಕ್ಕದಿರಲಿ, ಮಂದ್ರ ಆಳವಿರಲಿ, ವಿದ್ಯುತ್ ಎಷ್ಟಾದರೂ ನುಂಗಲಿ ಎಂದು ಪೆಟ್ಟಿಗೆಯೊಳಗೇ ಅದಕ್ಕೆಂದೇ ಒಂದು ಆಂಪ್ಲಿಫೈಯರ್ ಕೂರಿಸಿದರು. ಹಾಗಾಗಿ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆ ಅದರ ಶೌರ್ಯವನ್ನಲ್ಲ, ಹಸಿವನ್ನು ಹೇಳುತ್ತದೆ. ನಮ್ಮಲ್ಲಿ ಟೂ-ಇನ್-ಒನ್‌ಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಅಚ್ಚು ಹಾಕುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಅದು ಕ್ಷಣಮಾತ್ರದ ಅಬ್ಬರದ ಲೆಕ್ಕ. ನೋಡಬೇಕಾದ್ದು ನಿರಂತರವಾಗಿ ಕೊಡಬಲ್ಲ ಆರ್‌ಎಂಎಸ್ ಸಂಖ್ಯೆಯನ್ನು, ಅದಕ್ಕೂ ಮೊದಲು ಶಂಕುವಿನ ಅಗಲವನ್ನು ಮತ್ತು ಪೆಟ್ಟಿಗೆಯ ಗಾತ್ರವನ್ನು.

ಮುಚ್ಚಿದ ಪೆಟ್ಟಿಗೆಗೆ ಎದುರಾಳಿ ತೂತಿನ ಪೆಟ್ಟಿಗೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ಹೂಂಕಾರವೇ ಅದರ ತತ್ವ. ತೂತು ಎಷ್ಟು ಅಗಲ, ಕೊಳವೆ ಎಷ್ಟು ಉದ್ದ ಎಂಬುದು ಬಹುಕಾಲ ಅಂದಾಜಿನ ಕೆಲಸವಾಗಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಅದಕ್ಕೆ ಗಣಿತ ಕೊಟ್ಟ. ಅದು ಅಲ್ಲಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಮೂಲೆ ಸೇರಿತ್ತು; ಹತ್ತು ವರ್ಷ ಕಳೆದು, 1971ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಮರುಮುದ್ರಿಸಿದ ಮೇಲೆ ಜಗತ್ತು ಕಣ್ಣುಬಿಟ್ಟಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ. ಅವರ ಲೆಕ್ಕ ಹೇಳುವುದಿಷ್ಟು: ತೂತಿನ ಪೆಟ್ಟಿಗೆ ತನಗೆ ಕೂಡಿಸಿದ ಶ್ರುತಿಯವರೆಗೆ ಜೋರಾಗಿ ನುಡಿದು, ಅದರ ಕೆಳಗೆ ಥಟ್ಟನೆ ಕುಸಿಯುತ್ತದೆ. ಮುಚ್ಚಿದ್ದು ಅಷ್ಟು ಜೋರಿಲ್ಲ, ಆದರೆ ಮೆಲ್ಲಗೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ದೊಡ್ಡ ಕೋಣೆ, ದೊಡ್ಡ ಸ್ಫೋಟಗಳು ಬೇಕಾದವರಿಗೆ ಮೊದಲನೆಯದು; ಚಿಕ್ಕ ಹಾಲಿಗೆ ಎರಡನೆಯದು.

ಇತ್ತ ಸಿನಿಮಾ ತನ್ನ ದಾರಿ ಹಿಡಿದಿತ್ತು. 1977ರಲ್ಲಿ ‘ಸ್ಟಾರ್ ವಾರ್ಸ್’ನ 70 ಎಂ.ಎಂ. ಪ್ರತಿಗಳಲ್ಲಿ ಬರೀ ತಗ್ಗಿನ ಶಬ್ದಕ್ಕೆಂದೇ ಟ್ರ್ಯಾಕುಗಳಿದ್ದವು. 1979ರ ‘ಅಪೊಕಲಿಪ್ಸ್ ನೌ’ ಅದನ್ನು ಇನ್ನಷ್ಟು ಹದವಾಗಿ ಬಳಸಿತು. 1987ರಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಸಿನಿಮಾಕ್ಕೆ ಎಷ್ಟು ಶಬ್ದವಾಹಿನಿಗಳು ಬೇಕೆಂಬ ಚರ್ಚೆಯಲ್ಲಿ ‘5.1’ ಎಂಬ ಹೆಸರು ಕೊಟ್ಟ. ಐದು ಪೂರ್ಣ ವಾಹಿನಿ, ಜೊತೆಗೊಂದು ಮಂದ್ರದ ತುಣುಕು. ಆ ತುಣುಕು 120 ಹರ್ಟ್ಸ್‌ವರೆಗಿನದು. 20,000 ಹರ್ಟ್ಸ್‌ನ ಪೂರ್ಣ ವಾಹಿನಿಯ ಎದುರು ಅದು ನೂರರಲ್ಲೊಂದು ಪಾಲೂ ಅಲ್ಲ. ಬಾಯಿಗೆ ಹಗುರವಾಗಲೆಂದು ‘ಪಾಯಿಂಟ್ ಒನ್’ ಆಯಿತು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಜೊತೆ ಡಾಲ್ಬಿ ಡಿಜಿಟಲ್ ಬಂತು. ಆ ದಶಕದ ಕೊನೆಗೆ ಡಿವಿಡಿ ಅದನ್ನು ಮನೆಮನೆಗೆ ತಲುಪಿಸಿತು. ಮನೆಯ ರಿಸೀವರುಗಳಲ್ಲಿ ಕಾಣುವ 80 ಹರ್ಟ್ಸ್ ಎಂಬ ಗಡಿಯೂ ಹೋಲ್ಮನ್ ಕಟ್ಟಿದ ಟಿಎಚ್ಎಕ್ಸ್‌ನ ಬಳುವಳಿ. ಅದಕ್ಕಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಪೆಟ್ಟಿಗೆ ಸೋಫಾದ ಮರೆಯಲ್ಲಿದ್ದರೂ ನಡೆಯುತ್ತದೆ.

ಎಲ್ಲಿಟ್ಟರೂ ಒಂದೇ ಎಂದಲ್ಲ. 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್. ನಮ್ಮ ಮನೆಯ ಹಾಲು 14 ಅಡಿ ಉದ್ದ; ಸರಿಯಾಗಿ ಅದರ ಅರ್ಧ. ಹೀಗಾದಾಗ ಅಲೆ ಎರಡು ಗೋಡೆಗಳ ನಡುವೆ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ. ಗೋಡೆಗೆ ಒರಗಿ ಕೂತವರಿಗೆ ಗುಡುಗು, ನಡುಮಧ್ಯೆ ಕೂತವರಿಗೆ ಆ ಸ್ವರವೇ ಮಾಯ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್‌ವೂಫರುಗಳು ಸಾಕು ಎಂಬ ಪ್ರಶ್ನೆಯನ್ನೇ ಅಧ್ಯಯನ ಮಾಡಿದ. ಎದುರುಬದುರು ಗೋಡೆಗಳ ನಡುವಿನಲ್ಲಿ ಒಂದೊಂದನ್ನು ಇಟ್ಟರೆ ಈ ನಿಂತ ಅಲೆಯನ್ನು ಅವು ಪರಸ್ಪರ ರದ್ದುಮಾಡುತ್ತವೆ. ಒಂದು ದೈತ್ಯನಿಗಿಂತ ಇಬ್ಬರು ಸಾಧಾರಣರು ಮೇಲು.

ಇನ್ನು ಅಂಗಡಿಯಲ್ಲಿ ಕೇಳದ ಪ್ರಶ್ನೆ. ಎಸ್.ಪಿ. ರಸ್ತೆಯ ಮಾರಾಟಗಾರ ನನಗೆ 12 ಇಂಚಿನದೊಂದನ್ನು ತೋರಿಸುತ್ತ, “ಸಾರ್, ಇದನ್ನ ಹಾಕಿದ್ರೆ ಕಿಟಕಿ ಗಾಜು ಅಲ್ಲಾಡುತ್ತೆ ನೋಡಿ” ಎಂದು ಹೆಮ್ಮೆಯಿಂದ ಹೇಳಿದ. ಯಾರ ಕಿಟಕಿ? ಗೋಡೆಯೊಂದು ಮಾತನ್ನು ತಡೆದಂತೆ ಮಂದ್ರವನ್ನು ತಡೆಯಲಾರದು. ಆವರ್ತನ ಅರ್ಧಕ್ಕಿಳಿದಾಗಲೆಲ್ಲ ಅದರ ತಡೆಯುವ ಶಕ್ತಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಸಂಭಾಷಣೆ ನಮ್ಮ ಮನೆಯಲ್ಲಿ ಉಳಿಯುತ್ತದೆ; ಸ್ಫೋಟ ಕೆಳಗಿನ ಮನೆಗೆ ಹೋಗುತ್ತದೆ.

ಕಾನೂನೂ ಇಲ್ಲಿ ಪೂರ್ತಿ ನೆರವಾಗುವುದಿಲ್ಲ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಕಿವಿಯ ಸೂಕ್ಷ್ಮತೆಯನ್ನು ರೇಖೆಗಳಲ್ಲಿ ಬಿಡಿಸಿದರು. ಮೆಲುದನಿಯಲ್ಲಿ ನಮ್ಮ ಕಿವಿ ಮಂದ್ರಕ್ಕೆ ತೀರ ಮಂದ ಎಂದು ಅವು ತೋರಿಸಿದವು. ಶಬ್ದ ಅಳೆಯುವ ಮೀಟರುಗಳ ‘ಎ’ ಮಾಪನ ಹುಟ್ಟಿದ್ದು ಆ ರೇಖೆಗಳಿಂದ. 50 ಹರ್ಟ್ಸ್‌ನಲ್ಲಿ ಅದು ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ವಿಧಿಸಿರುವ 45 ಡೆಸಿಬೆಲ್ ಮಿತಿಯೂ ಇದೇ ಮಾಪನದ್ದು. 75 ಡೆಸಿಬೆಲ್‌ನ ಒಂದು ಗುಂಯ್‌ಗುಡುವಿಕೆ ಮೀಟರಿನಲ್ಲಿ 45 ಎಂದೇ ಕಾಣುತ್ತದೆ. ಮಲಗಿದವರ ಮಂಚಕ್ಕೆ ಮಾತ್ರ ನಿಜ ಗೊತ್ತಿರುತ್ತದೆ.

ಆದ್ದರಿಂದ ನಾನು ಕೊಳ್ಳುವ ಮುಂಚೆಯೇ ಅಳತೆಯನ್ನು ಕೆಳಗಿನ ಮನೆಯಿಂದ ಶುರುಮಾಡಿದೆ. ಸ್ನೇಹಿತರ ಪೆಟ್ಟಿಗೆಯೊಂದನ್ನು ಎರವಲು ತಂದು, ರಾತ್ರಿ ನೋಡುವ ಮಟ್ಟದಲ್ಲಿ ಹಚ್ಚಿಟ್ಟು, ಮೆಟ್ಟಿಲಿಳಿದು ಹೋಗಿ ಅವರ ಹಾಲಿನಲ್ಲಿ ನಿಂತೆ. ಆ ಮನೆಯ ಅಜ್ಜಿ, “ಇದಾ? ಯಾರೋ ಮಿಕ್ಸಿ ಹಾಕಿದಾರೆ ಅಂದ್ಕೊಂಡೆ ಕಣಪ್ಪ” ಎಂದರು. ಮೇಲೆ ಬಂದು ತಗ್ಗಿಸಿದೆ, ಮತ್ತೆ ಇಳಿದೆ. ಮೂರನೇ ಸಲಕ್ಕೆ ಮಿಕ್ಸಿ ನಿಂತಿತು. ಅಷ್ಟು ಶಬ್ದಕ್ಕೆ 12 ಇಂಚೂ ಬೇಡ, ಸಾವಿರ ವ್ಯಾಟೂ ಬೇಡ. 10 ಇಂಚಿನ, ಮುಚ್ಚಿದ ಪೆಟ್ಟಿಗೆಗಳೆರಡು ಸಾಕೆಂದು ತೀರ್ಮಾನವಾಯಿತು. ಅವುಗಳ ಗುಂಡಿಯ ಪಕ್ಕದಲ್ಲಿ ಈಗ ಪೆನ್ಸಿಲಿನ ಒಂದು ಗೀಟಿದೆ. ರಾತ್ರಿ ಹತ್ತರ ಮೇಲೆ ಮುಳ್ಳು ಅದನ್ನು ದಾಟುವುದಿಲ್ಲ.