ಮಾರಿಯಸ್‌ನ ಕಾಲು, ಅಪ್ಪನ ಕಾಲು

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಕುಣಿಮಗ್ಗವಿದೆ. ಅಪ್ಪ ನಲವತ್ತು ವರ್ಷ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವರು. ಅವರ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಕಣಕಾಲಿನ ಒಳಬದಿಯ ಹುಣ್ಣು ಎರಡು ವರ್ಷವಾದರೂ ಮಾಯ್ದಿರಲಿಲ್ಲ. ಚಳ್ಳಕೆರೆಯಲ್ಲಿ ಮೇಷ್ಟ್ರಾಗಿರುವ ನಾನು ಆಪರೇಷನ್ ಮಾತೆತ್ತಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಕೊಯ್ಸಿಕೊಂಡ್ರೆ ಮತ್ತೆ ಮಗ್ಗಕ್ಕೆ ಇಳಿಯಾಕಾಗ್ತದೇನಪ್ಪಾ?"

ಅದು ಬರೀ ಅಂಜಿಕೆ ಎಂದುಕೊಂಡಿದ್ದೆ. ಆದರೆ ಈ ಅಂಜಿಕೆಗೆ ಮೂರೂವರೆ ಸಾವಿರ ವರ್ಷದ ಚರಿತ್ರೆಯಿದೆ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್, ಹಾವಿನಂತೆ ಸುರುಳಿಗೊಂಡ ಇಂಥ ಊತಕ್ಕೆ ಕತ್ತಿ ತಾಗಿಸಬೇಡಿ ಎನ್ನುತ್ತದೆ. ನಮ್ಮ ಸುಶ್ರುತ ಇದನ್ನು ಸಿರಾಜ ಗ್ರಂಥಿ ಎಂದು ಕರೆದು, ದುರ್ಬಲರಿಗೆ ಅತಿಶ್ರಮದಿಂದ ಬರುವುದೆಂದ. ರೋಮಿನ ಸೇನಾನಿ ಮಾರಿಯಸ್ ತನ್ನನ್ನು ಕಟ್ಟಿಹಾಕಲು ಬಿಡದೆ, ನರಳದೆ ಒಂದು ಕಾಲು ಕೊಯ್ಸಿಕೊಂಡನಂತೆ. ವೈದ್ಯ ಇನ್ನೊಂದು ಕಾಲಿಗೆ ಬಂದಾಗ ಮಾತ್ರ ಬೇಡವೆಂದುಬಿಟ್ಟ. ಸಿಗುವ ಗುಣ ಪಡುವ ನೋವಿಗೆ ಸಾಟಿಯಲ್ಲ ಎಂಬುದು ಅವನ ಲೆಕ್ಕವಾಗಿತ್ತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಅಪ್ಪನದೂ ಅದೇ ಲೆಕ್ಕ.

ನಾವು ನರ ಎನ್ನುವುದು ನಿಜಕ್ಕೂ ಅಭಿಧಮನಿ, ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಅದರೊಳಗಿನ ಕವಾಟಗಳು ಸಡಿಲವಾದರೆ ಮೇಲೇರಬೇಕಾದ ರಕ್ತ ಕೆಳಗೇ ನಿಲ್ಲುತ್ತದೆ. ನಾಳ ಉಬ್ಬುತ್ತದೆ, ಚರ್ಮ ಕಪ್ಪಾಗುತ್ತದೆ, ಹುಣ್ಣಾಗುತ್ತದೆ. 1890ರ ಸುಮಾರಿಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲೇ ಆ ನಾಳವನ್ನು ಕಟ್ಟಿಹಾಕಿದ. ಅಮೆರಿಕದಲ್ಲಿ ಕೆಲ್ಲರ್ (1905), ಮೇಯೊ (1906), ಬ್ಯಾಬ್‌ಕಾಕ್ (1907) ಅದನ್ನು ಕಿತ್ತು ತೆಗೆಯುವ ದಾರಿ ಹುಡುಕಿದರು. ತೊಡೆಸಂದಿಯಲ್ಲಿ ಕೊಯ್ದು, ನಾಳದೊಳಗೆ ತಂತಿ ತೂರಿಸಿ ಎಳೆಯುವುದು! ಅಪ್ಪನ ಓರಗೆಯವರು ಕಂಡು ಕೇಳಿದ್ದು ಈ ಆಪರೇಷನ್ನನ್ನೇ.

1999ರ ಹೊತ್ತಿಗೆ ರೇಡಿಯೋ ತರಂಗದ ಶಾಖ, ಅದರ ಹಿಂದೆಯೇ ಲೇಸರ್ ಬಂತು. ಈ ವಿಧಾನಗಳಲ್ಲಿ ನಾಳವನ್ನು ಕೀಳುವುದಿಲ್ಲ. ಸ್ಕ್ಯಾನಿಂಗ್ ಪರದೆ ನೋಡುತ್ತಾ ಸೂಜಿರಂಧ್ರದಿಂದ ತೆಳು ಎಳೆಯೊಂದನ್ನು ಒಳಗೆ ಬಿಟ್ಟು, ಸುತ್ತ ಮರಗಟ್ಟಿಸುವ ಮದ್ದು ತುಂಬಿ, ಶಾಖದಿಂದ ನಾಳವನ್ನು ಒಳಗಿಂದಲೇ ಮುಚ್ಚುತ್ತಾರೆ. ಕಾಲಿನ ಹೆಚ್ಚಿನ ರಕ್ತ ಹೇಗೂ ಆಳದ ನಾಳಗಳಲ್ಲೇ ಹರಿಯುವುದರಿಂದ ಮುಚ್ಚಿದ್ದರ ಕೊರತೆ ಕಾಣುವುದಿಲ್ಲ.

ಮಾರಿಯಸ್‌ನ ಕತೆ ಹೇಳಿದೆ. ಅಪ್ಪ ನಕ್ಕು, ದಾವಣಗೆರೆಗೆ ಬರಲು ಒಪ್ಪಿದರು. ಅಂದು ಸಂಜೆಯೇ ಆಸ್ಪತ್ರೆಯ ವರಾಂಡದಲ್ಲಿ ನಡೆದಾಡಿದರು. ಆಮೇಲಿನ ದಿನಗಳು ಅಷ್ಟು ಸಲೀಸಾಗಿರಲಿಲ್ಲ. ತೊಡೆಯಲ್ಲಿ ಕಂದುಗಟ್ಟಿತು, ಒಳಗೆ ದಾರ ಬಿಗಿದಂತೆ ಸೆಳೆಯುತ್ತಿತ್ತು. ನಮ್ಮೂರ ಬಿಸಿಲಿನಲ್ಲಿ ಬಿಗಿ ಕಾಲುಚೀಲ ಅವರಿಗೆ ಶಿಕ್ಷೆಯೇ. ದಿನವೂ ನಡೆಯಿರಿ, ಒಂದೇ ಕಡೆ ನಿಂತಿರಬೇಡಿ, ಕೂತಿರಬೇಡಿ ಎಂದಿದ್ದರು ಡಾಕ್ಟರು. ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಕಪ್ಪು ಕಲೆ ಉಳಿದಿದೆ.

ಅಪ್ಪ ಮತ್ತೆ ಮಗ್ಗಕ್ಕೆ ಇಳಿದಿದ್ದಾರೆ. ಗಂಟೆಗೊಮ್ಮೆ ಎದ್ದು ಬೀದಿಯ ತುದಿಯವರೆಗೆ ಹೋಗಿ ಬರುತ್ತಾರೆ. ಬಲಗಾಲಿಗೂ ಮಾಡಿಸೋಣವೇ ಎಂದರೆ ಮಾತ್ರ, "ನಿಮ್ಮ ಮಾರಿಯಸ್ಸು ಏನಂದಿದ್ದ?" ಅನ್ನುತ್ತಾರೆ.