ನಾಝಲ್ ತೂತು ಸಣ್ಣದಾದರೆ ಪಂಪಿಗೆ ಬಲ ಬರುತ್ತದೆಯೇ?

ಮಳೆಗಾಲ ಹತ್ತಿರವಾದಂತೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಆಗ ಕೇಳಿಬರುವ ಮಾತೊಂದಿದೆ: ‘ನಾಝಲ್ ತೂತು ಸಣ್ಣದು ಮಾಡಿ, ಪಂಪಿಗೆ ಬಲ ಬರುತ್ತದೆ.’ ಇದು ನಿಜವೇ?

ಅರ್ಧ ಮಾತ್ರ ನಿಜ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ. ಆದರೆ ಅದು ಹೊಸದಾಗಿ ಹುಟ್ಟಿದ ಬಲವಲ್ಲ. ಹೊರಬರುವ ನೀರು ಕಡಿಮೆಯಾದಾಗ ಪೈಪಿನೊಳಗಿನ ಘರ್ಷಣೆ ತಗ್ಗುತ್ತದೆ. ಪಂಪಿನ ಒತ್ತಡದ ಹೆಚ್ಚಿನ ಪಾಲು ತುದಿಯವರೆಗೆ ತಲುಪುತ್ತದೆ, ಅಷ್ಟೇ. ಇದಕ್ಕೊಂದು ಮಿತಿಯಿದೆ: 1 ಕೆಜಿ ಒತ್ತಡ ನೀರನ್ನು ಸುಮಾರು 10 ಮೀಟರ್ ಎತ್ತಬಲ್ಲದು. ನಾಝಲ್‌ನಲ್ಲಿ 2 ಕೆಜಿ ಒತ್ತಡವಿದ್ದರೆ ತೂತು ಎಷ್ಟೇ ಸಣ್ಣದಿರಲಿ, ನೀರು 20 ಮೀಟರ್ ದಾಟದು. ಗಾಳಿಯ ತಡೆಯಿಂದ ನಿಜವಾಗಿ ಸಿಗುವುದು ಅದಕ್ಕಿಂತಲೂ ಕಡಿಮೆ.

ತೂತು ತೀರಾ ಸಣ್ಣದಾದರೆ ನಷ್ಟವೇ ಹೆಚ್ಚು. ಹನಿ ನುಣ್ಣಗಾದಷ್ಟು ಬೇಗ ವೇಗ ಕಳೆದುಕೊಂಡು ಗಾಳಿಗೆ ಹಾರಿಹೋಗುತ್ತದೆ. ಸುಣ್ಣದ ಕಣ ಸಿಕ್ಕಿ ತೂತು ಕಟ್ಟಿಕೊಳ್ಳುವುದೂ ಉಂಟು.

ಕೋನ ಎಷ್ಟಿರಬೇಕು?

ಎಸೆದ ವಸ್ತು ಅತಿ ದೂರ ಹೋಗುವುದು ಸುಮಾರು 45 ಡಿಗ್ರಿಯಲ್ಲಿ. ಆದರೆ ಅಡಿಕೆ ಗೊನೆಗೆ ಬೇಕಿರುವುದು ದೂರವಲ್ಲ, ಎತ್ತರ. ಅದೇ ವೇಗದಲ್ಲಿ 45 ಡಿಗ್ರಿಗೆ ಬಿಟ್ಟ ನೀರು, ನೇರ ಮೇಲಕ್ಕೆ ಬಿಟ್ಟದ್ದರ ಅರ್ಧ ಎತ್ತರಕ್ಕಷ್ಟೇ ಏರುತ್ತದೆ. ಆದ್ದರಿಂದ ನೆಲದಿಂದ ಮದ್ದು ಬಿಡುವವರು ಮರದ ಹತ್ತಿರವೇ ನಿಂತು, ಕಿರಿದಾದ ಧಾರೆಯನ್ನು ಕಡಿದಾಗಿ ಮೇಲಕ್ಕೆ ಬಿಡಬೇಕು. ದೋಟಿಯಲ್ಲಿ ನಾಝಲ್ ಗೊನೆಯ ಹತ್ತಿರವೇ ಇರುವುದರಿಂದ ಅಗಲವಾಗಿ ಹರಡುವ ನಾಝಲ್ ಸಾಕು. ಅದನ್ನು ಗೊನೆಯ ಕಡೆಗೆ ಬಾಗಿಸಿ, ಸುತ್ತಲೂ ತಿರುಗಿಸಿ ಬಿಡಬೇಕು. ನೆನಪಿಡಿ: ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿಯ ಹತ್ತಿರ ಅದನ್ನು ಎತ್ತಲೇಬೇಡಿ.

ಇಷ್ಟೆಲ್ಲ ಏಕೆ?

ಕೊಳೆರೋಗ ತರುವುದು ಫೈಟಾಫ್ತೋರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಶೇ. 1ರ ಬೋರ್ಡೋ ದ್ರಾವಣ ಕಾಯಿಯ ಮೇಲೆ ಪದರವಾಗಿ ನಿಂತು ಸೋಂಕನ್ನು ತಡೆಯುತ್ತದೆ. ಕೊಳೆತ ಕಾಯಿಯನ್ನು ಅದು ಸರಿಮಾಡದು. ಮದ್ದು ತಾಗದ ಕಾಯಿಗೆ ರಕ್ಷಣೆಯೂ ಇಲ್ಲ. ಧಾರೆ ಜೋರಾಗಿ ಬಡಿಯಿತೇ ಎಂಬುದಲ್ಲ, ಗೊನೆಯ ಒಳಹೊರಗೆಲ್ಲ ನೆನೆಯಿತೇ ಎಂಬುದೇ ಮುಖ್ಯ.

ಮನೆಯಲ್ಲೇ ಪರೀಕ್ಷಿಸಿ

ಹೊಸ ನಾಝಲ್‌ನಿಂದ ಒಂದು ನಿಮಿಷ ಬಕೆಟಿಗೆ ನೀರು ಬಿಟ್ಟು ಅಳೆಯಿರಿ. ಅದೇ ಒತ್ತಡದಲ್ಲಿ ಹಳೆಯದರಿಂದಲೂ ಬಿಡಿ. ಹಳೆಯದರಲ್ಲಿ ಶೇ. 10ಕ್ಕಿಂತ ಹೆಚ್ಚು ನೀರು ಬಂದರೆ ತೂತು ಸವೆದಿದೆ ಎಂದರ್ಥ. ಪಂಪನ್ನು ದೂರುವ ಮೊದಲು ನಾಝಲ್ ಬದಲಿಸಿ.