ನಿರಾಶ್ರಿತರ ‘ಪಾಂಡವ’, ಬೆಂಗಳೂರಿನ ಅಹ್ಮದ್ ಖಾನ್

1949. ದೇಶ ವಿಭಜನೆಯ ಗಾಯ ಇನ್ನೂ ಮಾಗಿರಲಿಲ್ಲ. ಆ ವರ್ಷ ಬೆಂಗಳೂರಿನ ಮುಸ್ಲಿಮ್ ಯುವಕನೊಬ್ಬ ಕಲ್ಕತ್ತಾದ ಈಸ್ಟ್ ಬೆಂಗಾಲ್ ಫುಟ್ಬಾಲ್ ಕ್ಲಬ್ ಸೇರಿದ. ಆ ಕ್ಲಬ್ಬಿನ ಅಭಿಮಾನಿಗಳಲ್ಲಿ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಹಿಂದೂ ನಿರಾಶ್ರಿತರೇ ಬಹಳ. ಅವರು ಈ ಯುವಕನನ್ನು ಹೇಗೆ ಕಂಡರು? ‘ಪಂಚಪಾಂಡವ’ರಲ್ಲಿ ಒಬ್ಬನೆಂದು! ಆತನೇ ಅಹ್ಮದ್ ಖಾನ್.

ಅವರ ಕಥೆ ಅರ್ಥವಾಗಬೇಕಾದರೆ ಬೆಂಗಳೂರಿನ ಫುಟ್ಬಾಲಿನ ಕಥೆಯೂ ತಿಳಿದಿರಬೇಕು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಈ ಆಟವನ್ನು ಸುತ್ತಲಿನ ಹುಡುಗರು ತಮ್ಮದಾಗಿಸಿಕೊಂಡರು. ಬೊಂಬಾಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ 1936ರವರೆಗೂ ಬ್ರಿಟಿಷ್ ಸೈನ್ಯದ ತಂಡಗಳ ಪಾಲಾಗಿತ್ತು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಅದನ್ನು ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ತಂಡವೆನಿಸಿತು. ಅಂತಿಮ ಪಂದ್ಯದಲ್ಲಿ ಸೋತದ್ದು ಸಾಮಾನ್ಯ ತಂಡವಲ್ಲ. 1934ರಿಂದ ಸತತವಾಗಿ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದ ಮೊಹಮ್ಮದನ್ ಸ್ಪೋರ್ಟಿಂಗ್! ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು.

ಆಗ ಅಹ್ಮದ್ ಇನ್ನೂ ಬಾಲಕ. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರದು ಫುಟ್ಬಾಲಿನ ಮನೆತನ. ಸೋದರರೂ ಆಟಗಾರರೇ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರಿನ ಮೈದಾನದಲ್ಲಿ ಪಳಗಿದವರ ಆ ಗೆಲುವಿಗೆ ಇದ್ದ ಹೆಸರು ಮಾತ್ರ ಇಡೀ ಸಂಸ್ಥಾನದ್ದು. ಅತ್ತ ಕುದೇರು, ಚಾಮರಾಜನಗರ, ಗುಂಡ್ಲುಪೇಟೆಗಳೂ ಆಗ ಅದೇ ಮೈಸೂರಿನ ಊರುಗಳು.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು, ಎದುರಾಳಿಗಳು ಬೂಟು ತೊಟ್ಟವರು. ಅಹ್ಮದ್ ಖಾನರ ಜೊತೆ ಮೈಸೂರಿನ ವರದರಾಜ್, ಬಶೀರ್, ಸಾರಂಗಪಾಣಿ ರಾಮನ್ ಕೂಡ ಆ ತಂಡದಲ್ಲಿದ್ದರು. ಭಾರತದ ಗೋಲು ಹೊಡೆದವರು ರಾಮನ್. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ ಕೊನೆಯ ನಿಮಿಷಗಳಲ್ಲಿ 1-2ರಿಂದ ಸೋತಿತು. ಸೋತರೂ ಬರಿಗಾಲಿನ ಆ ಆಟ ಪ್ರೇಕ್ಷಕರ ಮನಗೆದ್ದಿತು.

ಮರುವರ್ಷ ಅಹ್ಮದ್ ಕಲ್ಕತ್ತಾಕ್ಕೆ ಹೋದರು. ಅಪ್ಪಾ ರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್, ಸಾಲೆಹ್ ಈ ಐವರ ಮುನ್ಪಡೆಗೆ ಜನ ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. ಇಬ್ಬರು ಮುಸ್ಲಿಮರು. 1949, 1950, 1951ರಲ್ಲಿ ಈಸ್ಟ್ ಬೆಂಗಾಲ್ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. ಚೆಂಡನ್ನು ಆಡಿಸುವ ಚಮತ್ಕಾರಕ್ಕಾಗಿ ಅಹ್ಮದ್‌ಗೆ ‘ಹಾವಾಡಿಗ’ ಎಂಬ ಬಿರುದೂ ಬಂತು. ಧರ್ಮದ ಹೆಸರಿನಲ್ಲಿ ನಡೆದ ರಕ್ತಪಾತದಿಂದ ಓಡಿಬಂದವರು ಆ ಧರ್ಮದವನೇ ಆದ ಆಟಗಾರನಿಗೆ ಮಹಾಭಾರತದ ನಾಯಕರ ಹೆಸರಿಟ್ಟರು! ದ್ವೇಷವೊಂದೇ ನೊಂದವರ ಸಹಜ ಸ್ವಭಾವವೆಂದು ವಾದಿಸುವವರು ಈ ಚರಿತ್ರೆಯನ್ನು ಓದಬೇಕು.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಂತಿಮ ಪಂದ್ಯದಲ್ಲಿ ಇರಾನನ್ನು ಮೇವಾಲಾಲರ ಏಕೈಕ ಗೋಲಿನಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ತಂಡದಲ್ಲೂ ಅಹ್ಮದ್ ಇದ್ದರು. ಆದರೆ ಬರಿಗಾಲಿಗೂ ಮಿತಿಯಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಹತ್ತು ವರ್ಷ ಕಲ್ಕತ್ತಾದ ಕಣ್ಮಣಿಯಾಗಿದ್ದ ಅವರು 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ. ಕ್ರಿಕೆಟ್ ವೀರರ ಹೆಸರುಗಳನ್ನು ಪಟಪಟನೆ ಹೇಳುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಬಂಗಾಳದ ನಿರಾಶ್ರಿತರು ತಮ್ಮವನೆಂದು ಅಪ್ಪಿಕೊಂಡ ಈ ಕನ್ನಡನಾಡಿನ ಆಟಗಾರನನ್ನು ನಾವು ಮರೆಯುವುದು ಸರಿಯೇ?